ಎರಡು ಚಳಿಯೂರು, ಏಳು ಕಾರ್ಡು

ಸರಿಯಾಗಿ ಯೋಜನೆ ಹಾಕಿದ ಪ್ರಯಾಣ ಎಂದೂ ಕೆಡುವುದಿಲ್ಲ ಎಂದು ನಾನು ದೃಢವಾಗಿ ನಂಬಿದ್ದ ಕಾಲವೊಂದಿತ್ತು. ನಂಬಿಕೆಗೆ ಆಧಾರವೂ ಇತ್ತು. ನಾನು ಬಿ.ಎ.! ನಮ್ಮ ವಂಶದಲ್ಲಿ ನನಗಿಂತ ಮೊದಲು ಯಾರಾದರೂ ಕಾಗದದ ಮೇಲೆ ಏನಾದರೂ ಮೂಡಿಸಿದ್ದರೆ ಅದು ಹೆಬ್ಬೆಟ್ಟಿನ ಗುರುತು ಮಾತ್ರ. ಹಾಗಿರುವಾಗ ಮೂರು ದಿನದ ಒಂದು ಕಾರು ಪ್ರಯಾಣ ನನಗೆ ಯಾವ ಲೆಕ್ಕ!

ಕನ್ನಡ ನಾಡೆಲ್ಲ ಒಂದೇ ರಾಜ್ಯವಾಗಿ ಒಂದು ವರ್ಷ ಕಳೆದಿತ್ತು. ಅದುವರೆಗೆ ನಮ್ಮ ಪುತ್ತೂರು, ಸುಳ್ಯ ಮದರಾಸಿಗೆ ಸೇರಿದವು. ಮಡಿಕೇರಿ ಕೊಡಗಿನದು, ಸಕಲೇಶಪುರ ಮೈಸೂರಿನದು. ಈಗ ಎಲ್ಲರೂ ಒಂದೇ ಚಾವಡಿಯಲ್ಲಿ ಕುಳಿತವರಾದೆವು. ಪುತ್ತೂರಿನ ಹೈಸ್ಕೂಲೊಂದರಲ್ಲಿ ಭೂಗೋಳ ಕಲಿಸುತ್ತಿದ್ದ ನಾನು ಗೋಡೆಯ ಹೊಸ ನಕ್ಷೆಯ ಮೇಲೆ ಬೆತ್ತ ಓಡಿಸುತ್ತಿದ್ದಾಗ ಒಂದು ದಿನ ಹೊಳೆಯಿತು: ಸಂಪಾಜೆ ಘಾಟಿ ಹತ್ತಿ ಮಡಿಕೇರಿ, ಅಲ್ಲಿಂದ ಬೆಟ್ಟದ ಮೇಲೆ ಮೇಲೆಯೇ ಸಕಲೇಶಪುರ, ಶಿರಾಡಿ ಘಾಟಿ ಇಳಿದು ಗುಂಡ್ಯ, ಕಡಬ, ಮತ್ತೆ ನರಿಮೊಗರಿನ ನಮ್ಮ ಮನೆ. ಒಂದು ಉಂಗುರದ ಹಾಗೆ! ಡಿಸೆಂಬರ್ ರಜೆಯಲ್ಲಿ ಎರಡು ಚಳಿಯೂರು ನೋಡಿ ಬರಬಹುದು.

ನೋಡಬೇಕಾದದ್ದು ನಾನಲ್ಲ, ಅಪ್ಪ. ಪ್ರಾಯದಲ್ಲಿ ಅವರು ಒಣಮೀನಿನ ಕಟ್ಟು ತಲೆಯ ಮೇಲೆ ಹೊತ್ತು, ಸಂಪಾಜೆ ಘಾಟಿಯನ್ನು ಬರಿಗಾಲಲ್ಲಿ ಹತ್ತಿ ಮಡಿಕೇರಿಯ ಸಂತೆಗೆ ಹೋಗುತ್ತಿದ್ದವರು. ಗೋಣಿ ಹೊದ್ದು ಯಾವುದೋ ಅಂಗಡಿಯ ಜಗಲಿಯಲ್ಲಿ ಮಲಗುವುದು. ಬೆಳಿಗ್ಗೆ ಒಂದು ಹೋಟೆಲಿನ ಎದುರು ನಿಂತು ಕಾಫಿಯ ಪರಿಮಳ ಎಳೆದುಕೊಳ್ಳುವುದು. ಪರಿಮಳ ಮಾತ್ರ. ಮೈಯೆಲ್ಲ ಮೀನು ನಾರುವವನನ್ನು ಒಳಗೆ ಕುರ್ಚಿಯಲ್ಲಿ ಕೂರಿಸುವವರು ಯಾರು? ಇದನ್ನು ಅಪ್ಪ ದುಃಖದಿಂದ ಹೇಳಿದವರಲ್ಲ. ಮಳೆ ಬಂತು, ಬಿಸಿಲು ಬಂತು ಅನ್ನುವ ಹಾಗೆ ಹೇಳಿದ್ದು. ಕೇಳಿದ ನನಗೆ ಮಾತ್ರ ಅದು ಗಂಟಲಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಹಾಕಿಕೊಂಡಿತ್ತು.

ಅಪ್ಪನನ್ನು ಮಡಿಕೇರಿಯ ಹೋಟೆಲಿನ ಕುರ್ಚಿಯಲ್ಲಿ ಕೂರಿಸಿ ಕಾಫಿ ಕುಡಿಸಬೇಕು, ಕುಡಿಯುವಾಗಿನ ಅವರ ಮುಖವನ್ನು ನಾನು ಎದುರು ಕುಳಿತು ನೋಡಬೇಕು. ಇದು ನನ್ನ ಗುರಿ. ಅವರ ಮೊಣಕಾಲ ಗಂಟು ಆಗಲೇ ಹಿಡಿಯತೊಡಗಿತ್ತು, ತಡ ಮಾಡುವಂತಿರಲಿಲ್ಲ. ಇನ್ನೊಂದು ಸಣ್ಣ ಆಸೆಯೂ ಇತ್ತು. ನನ್ನ ಓದಿನ ಬಗ್ಗೆ ಅಪ್ಪನ ಬಾಯಿಂದ ಒಂದಾದರೂ ಒಳ್ಳೆಯ ಮಾತು ಹೊರಡಬೇಕು. ಬಿ.ಎ. ಪಾಸಾದ ಸುದ್ದಿ ತಂದ ದಿನ ಅವರು ಹೇಳಿದ್ದು ಇಷ್ಟೇ: "ಹಾಗಾದ್ರೆ ಇನ್ನು ದನಗಳಿಗೆ ಸೊಪ್ಪು ತರುದು ಯಾರು?"

ನಾನು ನಲವತ್ತು ಪುಟದ ಒಂದು ನೋಟ್‌ಬುಕ್ ತಂದೆ. ರೂಲು ಹಿಡಿದು ಗೆರೆ ಎಳೆದೆ. ಸ್ಥಳ, ಮೈಲಿ, ತಲುಪುವ ವೇಳೆ, ಹೊರಡುವ ವೇಳೆ, ಎತ್ತರ, ಚಳಿಯ ಪ್ರಮಾಣ! ಸಾವಿರ ಅಡಿ ಏರಿದರೆ ಉಷ್ಣತೆ ಇಷ್ಟು ಇಳಿಯುತ್ತದೆ ಎಂದು ಪಾಠದ ಪುಸ್ತಕದಲ್ಲೇ ಇದೆಯಲ್ಲ. ಮೊದಲ ದಿನ ಬೆಳಿಗ್ಗೆ ಆರಕ್ಕೆ ಹೊರಟು ಹತ್ತೂವರೆಗೆ ಮಡಿಕೇರಿಯಲ್ಲಿ ಕಾಫಿ. ಎರಡನೆಯ ದಿನ ಮಧ್ಯಾಹ್ನ ಹನ್ನೆರಡಕ್ಕೆ ಅಲ್ಲಿಂದ ಹೊರಟು ಸಂಜೆಗೆ ಸಕಲೇಶಪುರ. ಮೂರನೆಯ ದಿನ ಸಂಜೆ ಐದು ಗಂಟೆ ನಲವತ್ತು ನಿಮಿಷಕ್ಕೆ ಸ್ವಗೃಹ. ಐದು ಮುಕ್ಕಾಲು ಅಲ್ಲ, ಗಮನಿಸಬೇಕು!

ಆಮೇಲೆ ಚಳಿಯ ಅಭ್ಯಾಸ. ಕರಾವಳಿಯ ದೇಹ ಒಮ್ಮೆಲೇ ಚಳಿಗೆ ಹೋದರೆ ಆಘಾತವಾಗುತ್ತದೆ, ಆದ್ದರಿಂದ ಮನೆಮಂದಿಯೆಲ್ಲ ಹದಿನೈದು ದಿನ ಬೆಳಗಿನ ಐದಕ್ಕೆ ಬಾವಿಯ ತಣ್ಣೀರಿನಲ್ಲಿ ಸ್ನಾನ ಮಾಡತಕ್ಕದ್ದು ಎಂದು ಆಜ್ಞೆ ಹೊರಡಿಸಿದೆ.

"ಮೊದಲು ನೀವು ಮಾಡಿ ತೋರಿಸಿ," ಎಂದಳು ನನ್ನ ಹೆಂಡತಿ ದೇವಕಿ.

ತೋರಿಸಿದೆ. ಮೂರನೆಯ ದಿನ ಮೂಗು ಕಟ್ಟಿತು. ಐದನೆಯ ದಿನ ಸ್ವರ ಹೋಯಿತು. ಅವ್ವ ಕರಿಮೆಣಸಿನ ಕಷಾಯ ಕೊಟ್ಟು, "ಚಳಿ ನೋಡ್ಲಿಕ್ಕೆ ಅಷ್ಟು ದೂರ ಹೋಗುದು ಯಾಕೆ? ನಿನಗೆ ಇಲ್ಲಿಯೇ ಬಂತಲ್ಲ," ಎಂದರು. ಅವ್ವ ಪ್ರಯಾಣಕ್ಕೆ ಮೊದಲೇ ಇಲ್ಲ ಅಂದಿದ್ದರು. ದನ ಕರು ಹಾಕುವ ದಿನ ಹತ್ತಿರ ಬಂದಿತ್ತು.

ಪುತ್ತೂರಿನಲ್ಲಿ ಉಣ್ಣೆ ಬಟ್ಟೆ ಇಟ್ಟುಕೊಂಡವರೇ ಅಪರೂಪ. ಪಟಾಲಮ್ಮಿನ ಸಿಪಾಯಿಗಿರಿ ಬಿಟ್ಟು ಬಂದಿದ್ದ ನಮ್ಮ ಶಾಲೆಯ ಡ್ರಿಲ್ ಮಾಸ್ತರರಲ್ಲಿ ಮೊಣಕಾಲಿನವರೆಗೆ ಬರುವ ಒಂದು ದಪ್ಪ ಕೋಟು ಇತ್ತು. ಅಪ್ಪನಿಗಾಗಿ ಕೇಳಿ ತಂದೆ. ಅಪ್ಪ ಅದನ್ನು ಮೂಸಿ ನೋಡಿ, "ನನಗೆ ಕಂಬಳಿ ಸಾಕು. ಇದು ನೀನೇ ಹಾಕು," ಎಂದರು.

ಇದುವರೆಗೆ ಆದದ್ದೆಲ್ಲ ಸಣ್ಣ ತಪ್ಪುಗಳು. ದೊಡ್ಡದನ್ನು ಮಾಡಲು ವಿದ್ಯಾವಂತನೇ ಬೇಕು. ಪ್ರಯಾಣಕ್ಕೆ ಹತ್ತು ದಿನ ಇರುವಾಗ ನಾನು ಏಳು ಪೋಸ್ಟ್ ಕಾರ್ಡು ತಂದು ಬರೆಯಲು ಕುಳಿತೆ.

"ಯಾರಿಗೆ ಕಾರ್ಡು?" ದೇವಕಿ ಕೇಳಿದಳು.

"ದಾರಿಯ ನೆಂಟರಿಷ್ಟರಿಗೆ. ಇಷ್ಟು ಗಂಟೆಗೆ ನಿಮ್ಮ ಮನೆಯ ಎದುರಿನ ರಸ್ತೆಯಲ್ಲಿ ಹಾದುಹೋಗುತ್ತೇವೆ ಅಂತ."

"ಹಾದುಹೋಗುದಾದ್ರೆ ಸುಮ್ಮನೆ ಹಾದುಹೋಗಿ ಮಾರಾಯ್ರೆ! ಹೇಳಿ ಹಾದುಹೋಗ್ತಾರಾ ಯಾರಾದ್ರೂ?"

"ಇದಕ್ಕೆ ಶಿಷ್ಟಾಚಾರ ಅಂತ ಹೆಸರು. ನಿನಗೆ ಗೊತ್ತಾಗುವುದಿಲ್ಲ."

"ನನಗೆ ಗೊತ್ತಾಗುದಿಲ್ಲ, ಸರಿ. ಅವರಿಗೆ ಗೊತ್ತಾಗ್ತದಾ?"

ನಿಜ ಹೇಳಬೇಕೆಂದರೆ ಅದು ಶಿಷ್ಟಾಚಾರವಾಗಿರಲಿಲ್ಲ, ಅಹಂಕಾರ. ಅಪ್ಪ ಕಾರಿನ ಮುಂದಿನ ಸೀಟಿನಲ್ಲಿ ಕುಳಿತು ಹೋಗುವುದನ್ನು ಜಾಲ್ಸೂರಿನಿಂದ ಸಂಪಾಜೆಯವರೆಗಿನ ನೆಂಟರೆಲ್ಲ ಜಗಲಿಯಲ್ಲಿ ನಿಂತು ನೋಡಬೇಕು, ನಾನು ಹಿಂದಿನ ಸೀಟಿನಿಂದ ಕೈ ಬೀಸಬೇಕು. ಅದಕ್ಕೇ "ತಮ್ಮ ಗೃಹದ ಮುಂಭಾಗದ ರಸ್ತೆಯಲ್ಲಿ ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷಕ್ಕೆ ಸಕುಟುಂಬ ಹಾದುಹೋಗಲಿದ್ದೇವೆಂದು ಅರಿಕೆ" ಎಂದು ಪುಸ್ತಕದ ಕನ್ನಡದಲ್ಲಿ ಬರೆದೆ. ಹೋಗುವ ದಾರಿಗೆ ಐದು ಕಾರ್ಡು, ವಾಪಸು ಬರುವ ದಾರಿಗೆ ಎರಡು.

ವಿಷಯ ಅಪ್ಪನ ಕಿವಿಗೂ ಬಿತ್ತು. "ಎಷ್ಟು ಕಾರ್ಡು ಹಾಕಿದೆ?" ಎಂದರು. ಏಳು ಎಂದೆ. ಅವರು ಒಳಗೆ ಹೋಗಿ, ಮನೆಯ ದೈವದ ಕೋಣೆಯ ಎದುರು ಕೈಮುಗಿದು ಏನೋ ಗುಣುಗುಣು ಹೇಳಿಕೊಂಡರು. ಮಗನ ವ್ಯವಸ್ಥೆ ಕಂಡು ಮನಸ್ಸು ತುಂಬಿ ಬಂದಿರಬೇಕು ಎಂದುಕೊಂಡೆ.

ಹೊರಡುವ ದಿನ ಬಂತು. ಕಾರು ಪುತ್ತೂರಿನ ಹಸನಬ್ಬ ಬ್ಯಾರಿಯದು, ಓಡಿಸುವವನೂ ಅವನೇ. ಕಾರಿಗೆ ನನಗಿಂತ ಹೆಚ್ಚು ಪ್ರಾಯ. ಏರು ಬಂದರೆ ಅದರ ಮೂತಿಯಿಂದ ಹಬೆ ಏಳುತ್ತಿತ್ತು. ಪಟ್ಟಿ ತೋರಿಸಿದೆ. ಹಸನಬ್ಬ ಅದನ್ನು ತಲೆಕೆಳಗಾಗಿ ಹಿಡಿದು ಭಕ್ತಿಯಿಂದ ನೋಡಿ, "ಇದು ಕಾರಿಗೆ ಗೊತ್ತುಂಟಾ ಮಾಷ್ಟ್ರೆ?" ಎಂದ. ಹೊರಟದ್ದು ಆರು ಗಂಟೆ ಐದು ನಿಮಿಷಕ್ಕೆ. ಐದೇ ನಿಮಿಷ ತಡ! ಅಪ್ಪ ಮುಂದೆ, ನಾನು ಕೋಟು, ಮಫ್ಲರು, ಮಂಗನ ಟೋಪಿ ಧರಿಸಿ ಹಿಂದೆ, ಪಕ್ಕದಲ್ಲಿ ದೇವಕಿ. ಪುತ್ತೂರು ದಾಟುವಷ್ಟರಲ್ಲಿ ನಾನು ಬೆವತು ಹೋಗಿದ್ದೆ.

ಜಾಲ್ಸೂರಿನಲ್ಲಿ ಒಂದು ತಿರುವು ದಾಟಿದರೆ ರಸ್ತೆಯ ನಡುವೆ ಜನ! ದೇವಕಿಯ ಅಕ್ಕ, ಭಾವ, ಭಾವನ ತಮ್ಮಂದಿರು, ಅವರ ಹೆಂಡಿರು ಮಕ್ಕಳು, ಎಲ್ಲರೂ ಒಗೆದ ಬಟ್ಟೆ ಉಟ್ಟು ಸಾಲಾಗಿ ನಿಂತಿದ್ದರು. ಕೈ ಬೀಸಲು ಸಿದ್ಧನಾಗಿದ್ದ ನನ್ನ ಕೈ ಅರ್ಧದಲ್ಲೇ ನಿಂತಿತು. ಹಸನಬ್ಬ ಬ್ರೇಕು ಒತ್ತಿದ. ಒತ್ತದೆ ಏನು ಮಾಡುವುದು, ಭಾವ ಚಕ್ರದ ಎದುರೇ ನಿಂತಿದ್ದರು.

"ಬನ್ನಿ ಮಾಷ್ಟ್ರೆ, ಬನ್ನಿ. ಗಂಟೆ ಸರಿಯಾಗಿ ಬಂದಿದ್ದೀರಿ. ಕೋಳಿ ಬೆಂದು ಆಯ್ತು."

"ಭಾವ, ನಾವು ನಿಲ್ಲುವುದಿಲ್ಲ. ಕಾರ್ಡಿನಲ್ಲಿ ಬರೆದಿದ್ದೆನಲ್ಲ, ಹಾದುಹೋಗುವುದು ಅಂತ..."

"ಕಾರ್ಡು ಓದಿದ್ದೇವೆ. ಪೋಸ್ಟ್‌ಮ್ಯಾನೇ ಓದಿ ಹೇಳಿದ್ದು. ಬರುದು ಇಲ್ಲದಿದ್ರೆ ಕಾರ್ಡು ಯಾಕೆ ಹಾಕ್ತೀರಿ ನೀವು?"

ನಮ್ಮವರಲ್ಲಿ ಒಂದು ಕಟ್ಟುಕಟ್ಟಳೆ ಉಂಟು. ಮುಂಚಿತವಾಗಿ ತಿಳಿಸಿ ಬಂದವನು ನೆಂಟ. ನೆಂಟ ಬಂದರೆ ಕೋಳಿ. ಕೋಳಿ ಕೊಯ್ದ ಮೇಲೆ ತಿನ್ನದೆ ಎದ್ದು ಹೋದರೆ ಮುಂದೆ ಆ ಮನೆಯ ಮದುವೆಗೂ ಹೋಗುವಂತಿಲ್ಲ, ಸಾವಿಗೂ ಹೋಗುವಂತಿಲ್ಲ. ಇದನ್ನು ಹಾಲು ಕುಡಿಯುವ ಮಕ್ಕಳೂ ಬಲ್ಲರು. ಮಂಗಳೂರಿನಲ್ಲಿ ನಾಲ್ಕು ವರ್ಷ ಓದಿದ ನಾನು ಮರೆತಿದ್ದೆ!

ಬೆಲ್ಲ, ನೀರು ಬಂತು. ಬಾಳೆ ಎಲೆ ಬಂತು. ಅಕ್ಕಿ ರೊಟ್ಟಿ, ಕೋಳಿ ಸಾರು ಬಂತು. ಆಗ ಅಪ್ಪ ಕೈ ಎತ್ತಿ ಗಂಭೀರವಾಗಿ ನುಡಿದರು: "ನನಗೆ ಕೋಳಿ ಬೇಡ. ಪ್ರಯಾಣ ಸುಖವಾಗ್ಲಿ ಅಂತ ದೈವಕ್ಕೆ ಹರಕೆ ಹೇಳಿಕೊಂಡಿದ್ದೇನೆ. ಮನೆಗೆ ತಲುಪುವವರೆಗೆ ಕೋಳಿ ಮುಟ್ಟುದಿಲ್ಲ."

ಹರಕೆ ಎಂದ ಮೇಲೆ ಯಾರು ಒತ್ತಾಯ ಮಾಡುತ್ತಾರೆ? ಅಪ್ಪನಿಗೆ ಒಂದು ಬಾಳೆಹಣ್ಣು. ಹಸನಬ್ಬನನ್ನು ಕರೆದರೆ, "ನಮ್ಮದು ಬುತ್ತಿ ಉಂಟು," ಎಂದು ಕಾರಿನ ನೆರಳಿಗೆ ಹೋದ. ದೇವಕಿ, "ನಾನು ಒಳಗೆ ಅಕ್ಕನೊಟ್ಟಿಗೆ ತಿನ್ತೇನೆ," ಎಂದು ಅಡುಗೆಮನೆ ಸೇರಿದಳು. ಒಳಗೆ ಹೆಂಗಸರು ತಿಂದರೋ ಬಿಟ್ಟರೋ ಕಂಡವರಿಲ್ಲ. ಚಾವಡಿಯಲ್ಲಿ ಹಾಕಿದ ನಾಲ್ಕು ಎಲೆಯ ಮುಂದೆ ಉಳಿದವನು ನಾನೊಬ್ಬನೇ.

"ಹಾಗಾದ್ರೆ ನಾಲ್ವರದ್ದೂ ನೀವೇ," ಎಂದು ಭಾವ ಸೌಟು ಎತ್ತಿದರು.

ನಾನು ಬೇಡುವ ದೃಷ್ಟಿಯಿಂದ ಅಪ್ಪನ ಕಡೆ ನೋಡಿದೆ. ಅಪ್ಪ ಬಾಳೆಹಣ್ಣು ಸುಲಿಯುತ್ತ, "ಕಾರ್ಡು ಹಾಕಿದವ ತಿನ್ನಲಿ," ಎಂದರು.

ಸುಳ್ಯ ಪೇಟೆಯಲ್ಲಿ ದೊಡ್ಡಮ್ಮನ ಮಗ ತನ್ನ ಅಂಗಡಿಯ ಬಾಗಿಲು ಹಾಕಿ ನಮಗಾಗಿ ಕಾದಿದ್ದ. ಅಲ್ಲಿ ಕೋಳಿ, ಕಡುಬು. ಅಪ್ಪನಿಗೆ ಹರಕೆ, ಹಸನಬ್ಬನಿಗೆ ಬುತ್ತಿ, ದೇವಕಿಗೆ ಅಡುಗೆಮನೆ. ನನಗೆ ನಾಲ್ಕು ಪಾಲು. ಮಡಿಕೇರಿಯಲ್ಲಿ ಕಾಫಿ ಕುಡಿಯಬೇಕಾದ ಹತ್ತೂವರೆ ಗಂಟೆಗೆ ನಾನು ಸುಳ್ಯದಲ್ಲಿ ಹದಿನಾರನೆಯ ಕಡುಬನ್ನು ಎದುರಿಸುತ್ತಿದ್ದೆ.

ಅರಂತೋಡಿನಲ್ಲಿ ಅಪ್ಪನ ತಂಗಿ, ನನ್ನ ಅತ್ತೆ, ರಸ್ತೆಯ ಬದಿಯ ಕಲ್ಲಿನ ಮೇಲೆ ಬೆಳಿಗ್ಗೆಯಿಂದ ಕುಳಿತಿದ್ದರಂತೆ. ಅಣ್ಣನನ್ನು ಕಂಡು ಕಣ್ಣು ಒರೆಸಿಕೊಂಡರು. ಅಣ್ಣ ಕೋಳಿ ತಿನ್ನುವುದಿಲ್ಲ ಎಂದು ಕೇಳಿ ಮತ್ತೊಮ್ಮೆ ಒರೆಸಿಕೊಂಡರು. "ಅಣ್ಣನ ಪಾಲು ಅಣ್ಣನ ಮಗನಿಗೆ. ನೀನು ತಿಂದ್ರೆ ಅವನೇ ತಿಂದ ಹಾಗೆ," ಎಂದು ಕೋಳಿಯ ಕಾಲು ಎರಡನ್ನೂ ನನ್ನ ಎಲೆಗೆ ಹಾಕಿದರು. ನೆಗಡಿಯಿಂದ ಮೂಗು ಕಟ್ಟಿದ್ದ ನನಗೆ ರುಚಿ ಯಾವುದೂ ತಿಳಿಯುತ್ತಿರಲಿಲ್ಲ. ಭಾರ ಮಾತ್ರ ತಿಳಿಯುತ್ತಿತ್ತು.

ಕಾರಿಗೆ ಹತ್ತುವಾಗ ದೇವಕಿ ಕಿವಿಯಲ್ಲಿ ಹೇಳಿದಳು: "ಮಾವ ಹರಕೆ ಹೇಳಿಕೊಂಡದ್ದು ಯಾವಾಗ ಗೊತ್ತುಂಟಾ? ನೀವು ಕಾರ್ಡು ಹಾಕಿದ್ದು ಗೊತ್ತಾದ ದಿನ."

"ನನಗೆ ಮೊದಲೇ ಯಾಕೆ ಹೇಳಲಿಲ್ಲ?"

"ನನಗೆ ಶಿಷ್ಟಾಚಾರ ಗೊತ್ತಾಗುದಿಲ್ಲಲ್ಲ."

ಕಲ್ಲುಗುಂಡಿಯ ಮನೆಯ ಬಗ್ಗೆ ನನಗೆ ಹೆಚ್ಚು ನೆನಪಿಲ್ಲ. ಕೋಳಿ ಇತ್ತು. ಶ್ಯಾವಿಗೆ ಇತ್ತು. ನಾನೂ ಇದ್ದೆ.

ಸಂಪಾಜೆಗೆ ಮುಟ್ಟುವಾಗ ಹೊತ್ತು ಇಳಿಯುತ್ತಿತ್ತು. ಘಾಟಿಯ ಬುಡದಲ್ಲಿ ನನ್ನ ಸೋದರಮಾವನ ಮನೆ. ಮಾವ ಅಂಗಳದ ತುದಿಯಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದರು.

"ಬೆಳಿಗ್ಗೆ ಒಂಬತ್ತೂವರೆ ಅಂತ ಬರೆದವ ಈಗ ಬರುದಾ? ಇದಾ ನೀನು ಓದಿದ್ದು? ಆಗ್ಲಿ, ಬಾ. ಕೋಳಿ ಎಲ್ಲ ಇಲ್ಲ. ನೀನು ಬರ್ತಿ ಅಂತ ಹಂದಿಯನ್ನೇ ಕಡಿಸಿದ್ದೇನೆ ಮಾರಾಯ!"

ನಾನು ಹಸನಬ್ಬನ ಕೈ ಹಿಡಿದು, "ಈಗಲೇ ಘಾಟಿ ಹತ್ತುವ," ಎಂದು ಗೋಗರೆದೆ. ಅವನು ಕಾರಿನ ಮೂತಿಗೆ ನೀರು ಹೊಯ್ಯುತ್ತ, "ಕತ್ತಲೆಗೆ, ಮಂಜಿಗೆ, ಈ ಕಾರಿಗೆ ಒಟ್ಟಿಗೆ ಆಗುದಿಲ್ಲ ಮಾಷ್ಟ್ರೆ. ನಾಳೆ ಬೆಳಿಗ್ಗೆ ನೋಡುವ," ಎಂದ.

ಎಲೆಯ ಮುಂದೆ ಕುಳಿತೆ. ಅಪ್ಪನ ಹರಕೆ ಕೋಳಿಗೆ ಮಾತ್ರ ಅಲ್ಲವೇ, ಹಂದಿಯನ್ನಾದರೂ ಹಂಚಿಕೊಳ್ಳಬಹುದು ಎಂದು ಆಸೆಯಿಂದ ನೋಡಿದರೆ ಅಪ್ಪ ಮೆಲ್ಲಗೆ, "ನನಗೆ ಹಲ್ಲು ಆಗುದಿಲ್ಲ," ಎಂದುಬಿಟ್ಟರು. ಮೂರನೆಯ ಸಲ ಬಡಿಸಲು ಮಾವ ಬಗ್ಗಿದಾಗ ನನ್ನ ಪ್ಯಾಂಟಿನ ಗುಂಡಿ ಹಾರಿ ಅವರ ಹಿತ್ತಾಳೆ ಚೆಂಬಿಗೆ ಬಡಿದು 'ಟಣ್' ಎಂದಿತು. ಆಮೇಲೆ ನಡೆದದ್ದನ್ನು ಬರೆಯಲು ಪದವೀಧರನ ಲೇಖನಿ ನಾಚುತ್ತದೆ. ಬಾವಿಕಟ್ಟೆ, ಬಾಳೆಬುಡ, ನೀರಿನ ತೋಡಿನ ಬದಿ, ಆ ಹಿತ್ತಲಿನ ಭೂಗೋಳವೆಲ್ಲ ನನಗೆ ಬಾಯಿಪಾಠವಾಯಿತು ಎಂದರೆ ಸಾಕು.

ಬೆಳಗಾಗುವಾಗ ನಾನು ಒಲೆಯ ಪಕ್ಕ ಚಾಪೆಯ ಮೇಲೆ ಹಿಂಡಿದ ಬಟ್ಟೆಯಂತೆ ಬಿದ್ದಿದ್ದೆ. ಎದ್ದು ಕೂರಲೂ ತ್ರಾಣವಿಲ್ಲ. ಅಪ್ಪ, ದೇವಕಿ, ಹಸನಬ್ಬ, ಮಾವ ನಾಲ್ವರೂ ಸುತ್ತ ನಿಂತು ನನ್ನನ್ನು ನೋಡುತ್ತಿದ್ದರು. ಇಂಥ ಹೊತ್ತಿನಲ್ಲಿ ದೊಡ್ಡ ಮನುಷ್ಯರು ಏನು ಹೇಳುತ್ತಾರೋ ಅದನ್ನೇ ನಾನೂ ಹೇಳಿದೆ: "ನನ್ನೊಬ್ಬನಿಂದಾಗಿ ಪ್ರಯಾಣ ನಿಲ್ಲಬಾರದು. ನೀವು ಹೋಗಿ."

ಹೇಳಿ ಕಣ್ಣು ಮುಚ್ಚಿದೆ. ಈಗ ಎಲ್ಲರೂ, "ಛೇ ಛೇ, ನಿನ್ನನ್ನು ಬಿಟ್ಟು ಹೇಗೆ ಹೋಗುದು?" ಎನ್ನುತ್ತಾರೆ, ಎರಡು ದಿನ ಕಾಯುತ್ತಾರೆ, ಒಟ್ಟಿಗೆ ಹೋಗುತ್ತೇವೆ ಎಂಬುದು ನನ್ನ ಅಂದಾಜು.

"ಅದು ಸರಿ," ಎಂದರು ಅಪ್ಪ.

ನಾನು ಕಣ್ಣು ತೆರೆದೆ.

"ನಾನು ನಿಲ್ಲುದಾ?" ದೇವಕಿ ಕೇಳಿದಳು. ಪಾಪ, ಮನಸ್ಸಿನಿಂದಲೇ ಕೇಳಿದ್ದು. ಆದರೆ ಅಪ್ಪನಿಗೆ ಅಕ್ಷರ ಬಾರದು, ಹಸನಬ್ಬನಿಗೂ ಬಾರದು. ಐದನೆಯ ಕ್ಲಾಸು ಓದಿದ ಅವಳಿಲ್ಲದಿದ್ದರೆ ಪಟ್ಟಿ ಓದುವವರು ಯಾರು? "ಹೋಗು," ಎಂದೆ. ನೋಟ್‌ಬುಕ್ಕನ್ನು ಅವಳ ಕೈಗಿತ್ತೆ. "ಅಪ್ಪನಿಗೆ ಮಡಿಕೇರಿಯಲ್ಲಿ ಹೋಟೆಲಿನ ಒಳಗೆ..." ಎನ್ನುವಾಗ ಮೂಗು ಒರೆಸಿಕೊಳ್ಳಬೇಕಾಯಿತು. ನೆಗಡಿ ಇತ್ತಲ್ಲ.

"ಗೊತ್ತುಂಟು," ಎಂದಳು ಅವಳು.

ಅಪ್ಪ ಬಾಗಿಲವರೆಗೆ ಹೋದವರು ಹಿಂದೆ ಬಂದರು. ಕೈ ಹಿಡಿಯಲು ಬಂದರು ಎಂದುಕೊಂಡೆ. "ಆ ಕೋಟು ಇಲ್ಲಿ ಒಲೆಯ ಬುಡದಲ್ಲಿ ನಿನಗೆ ಎಂತಕ್ಕೆ? ಇತ್ತ ಕೊಡು," ಎಂದು ಹೊದಿಸಿದ್ದ ಕೋಟನ್ನು ಎಳೆದುಕೊಂಡು ಹೋದರು.

ಕಾರು ಹೊರಟಿತು. ಆಗೆಲ್ಲ ಆ ರಸ್ತೆಯಲ್ಲಿ ಗಂಟೆಗೆ ಒಂದು ಗಾಡಿ ಹೋದರೆ ಹೆಚ್ಚು. ಮಲಗಿದಲ್ಲಿಂದಲೇ ಅದು ಏರುವ ಸದ್ದು ಬಹಳ ಹೊತ್ತು ಕೇಳುತ್ತಿತ್ತು. ಒಂದು ತಿರುವಿನಲ್ಲಿ ಅಡಗುವುದು, ಮೇಲಿನ ತಿರುವಿನಲ್ಲಿ ಮತ್ತೆ ಸಣ್ಣಗೆ ಹುಟ್ಟುವುದು. ಆ ಒಂದೊಂದು ತಿರುವಿನಲ್ಲೂ ಅಪ್ಪ ಒಂದು ಕಾಲದಲ್ಲಿ ತಲೆಯ ಹೊರೆ ಇಳಿಸಿ ಉಸಿರು ತೆಗೆದುಕೊಂಡಿರಬೇಕು. ಸದ್ದು ಪೂರ್ತಿ ನಿಂತ ಮೇಲೂ ಕಿವಿಗೊಟ್ಟೇ ಇದ್ದೆ. ಮಾವ ಬಂದು, "ಗಂಜಿ ಕುಡೀತಿಯಾ?" ಎಂದರು.

ಒಂದು ದಿನವಿಡೀ ಗಂಜಿ ಕುಡಿದೆ. ಊರವರು ಬಂದು ನೋಡಿ ಹೋದರು. "ಮಡಿಕೇರಿಗೆ ಹೊರಟ ಬಿ.ಎ. ಇವರೇ?" ಎಂದು ಮಾವನ ಹತ್ತಿರ ಕೇಳುವುದು, ತಲೆಯಾಡಿಸುವುದು. ಮೂರನೆಯ ದಿನ ಬೆಳಿಗ್ಗೆ ಕಾಲಿಗೆ ಬಲ ಬಂತು. ಸರ್ವಿಸ್ ಬಸ್ಸು ಹತ್ತಿ, ಸೀಟು ಸಿಗದೆ ಕಂಬಿ ಹಿಡಿದು ನಿಂತು, ಬಂದ ದಾರಿಯಲ್ಲೇ ವಾಪಸಾದೆ. ಅರಂತೋಡಿನಲ್ಲಿ ಅತ್ತೆ ರಸ್ತೆಯ ಬದಿಯಲ್ಲೇ ಇದ್ದರು. ನಾನು ತಲೆ ತಗ್ಗಿಸಿ ಒಬ್ಬ ದಪ್ಪ ಮನುಷ್ಯನ ಹಿಂದೆ ಅಡಗಿದೆ. ಹಾದುಹೋಗುವುದು ಎಂದರೆ ಹೀಗೆ ಎಂದು ಆಗ ತಿಳಿಯಿತು.

ಮನೆ ತಲುಪಿದಾಗ ಅವ್ವ ಕೊಟ್ಟಿಗೆಯಿಂದ ಹೊರಗೆ ಬಂದರು. "ಎಲ್ಲಿ ಅವರೆಲ್ಲ?"

"ಮುಂದೆ ಹೋದರು."

"ಮತ್ತೆ ನೀನು?"

ನಾನು ಕಾಲು ತೊಳೆಯಲು ಬಾವಿಕಟ್ಟೆಗೆ ಹೋದೆ. ಸಂಜೆ ಅಂಗಳದಲ್ಲಿ ಗಡಿಯಾರ ಹಿಡಿದು ಕುಳಿತೆ. ಅವರು ದಾರಿ ತಪ್ಪಿರಬಹುದು, ಕಾರು ಕೆಟ್ಟಿರಬಹುದು ಎಂದು ಹೆದರಿಕೆಯಾಗುತ್ತಿತ್ತು. ಸತ್ಯ ಹೇಳುತ್ತೇನೆ, ಸ್ವಲ್ಪ ತಡವಾದರೂ ಆಗಲಿ ಎಂಬ ಒಂದು ಕೆಟ್ಟ ಆಸೆಯೂ ಒಳಗೆ ಕುಳಿತಿತ್ತು. ಕಡಬದ ಕಡೆಯಿಂದ ಧೂಳೆದ್ದಿತು. ಹಸನಬ್ಬನ ಕಾರು ನಮ್ಮ ಬೇಲಿಯ ದಣಪೆಯ ಎದುರು ನಿಂತಿತು. ಗಡಿಯಾರ ನೋಡಿದೆ. ಐದು ಗಂಟೆ ನಲವತ್ತು ನಿಮಿಷ!

ಅಪ್ಪ ಇಳಿದರು. ಮೈಮೇಲೆ ಪಟಾಲಮ್ಮಿನ ಕೋಟು, ಕೈಯಲ್ಲಿ ಕೊಡಗಿನ ಕಿತ್ತಳೆಯ ಚೀಲ. ಯಾವುದೋ ಯುದ್ಧ ಗೆದ್ದು ಬಂದ ಸುಬೇದಾರರ ಹಾಗೆ ಕಂಡರು. ಜಗಲಿಯಲ್ಲಿ ಕುಳಿತು ಅವ್ವನಿಗೆ ಎಲ್ಲ ವರದಿ ಒಪ್ಪಿಸಿದರು. ಸಕಲೇಶಪುರದಲ್ಲಿ ಬೆಳಿಗ್ಗೆ ಎದುರಿಗೆ ಹಿಡಿದ ಕೈ ಕಾಣದಷ್ಟು ಮಂಜಂತೆ. ಗುಂಡ್ಯದಲ್ಲಿ ಕಾರ್ಡು ಹೋಗಿದ್ದ ಮನೆಯಲ್ಲಿ, ಹರಕೆ ಕೇಳಿ, ಚಹಾ ಮಾತ್ರ. ಕಡಬದಲ್ಲಿ, ಕೇರಳದಿಂದ ಬಂದು ರಬ್ಬರ್ ಹಾಕಿದ್ದ ನನ್ನ ಗೆಳೆಯ ತೋಮಸನೂ ಕಾರ್ಡು ಓದಿ ಕಾದಿದ್ದ. "ಮರಗೆಣಸು, ಮೀನು ಸಾರು ಕೊಟ್ಟ. ಭಾರೀ ಲಾಯ್ಕುಂಟು. ನನ್ನ ಹರಕೆ ಕೋಳಿಗೆ ಮಾತ್ರ ಅಲ್ವಾ?"

"ಮಡಿಕೇರಿಯಲ್ಲಿ?" ನಾನು ತಡೆಯಲಾರದೆ ಕೇಳಿದೆ.

ಅಪ್ಪ ಒಂದು ಕಿತ್ತಳೆ ಸುಲಿಯತೊಡಗಿದರು. "ಹೋಟ್ಲಿಗೆ ಹೋದೆವು. ಕುರ್ಚಿಯಲ್ಲಿ ಕೂತೆ. ಕಾಫಿ ಬಂತು. ಕುಡಿದೆ." ಒಂದು ತೊಳೆ ಬಾಯಿಗಿಟ್ಟರು. "ಪರಿಮಳ ಮೊದಲಿನ ಹಾಗೇ ಉಂಟು."

ಅವರ ಮುಖ ಆಗ ಹೇಗಿತ್ತು ಎಂದು ಆಮೇಲೆ ದೇವಕಿಯ ಹತ್ತಿರ ಕೇಳಿದೆ. "ನಾನು ನೋಡ್ಲಿಲ್ಲ," ಎಂದಳು. "ಮಾವ ಗೋಡೆಯ ಕಡೆ ತಿರುಗಿ ಕುಡಿದ್ರು." ಹಾಗೆ ಅದನ್ನು ಕಂಡವರು ಈ ಲೋಕದಲ್ಲಿ ಯಾರೂ ಇಲ್ಲ.

ಕಿತ್ತಳೆ ಮುಗಿಯಿತು. ಅಪ್ಪ ದೇವಕಿಯ ಕೈಯಿಂದ ನೋಟ್‌ಬುಕ್ ತೆಗೆದುಕೊಂಡು, ಓದಲು ಬಾರದಿದ್ದರೂ ಒಂದೊಂದೇ ಪುಟ ತಿರುವಿದರು. ಇಷ್ಟು ವರ್ಷ ಕಾದ ಮಾತು ಈಗ ಬರುತ್ತದೆ!

"ಪಟ್ಟಿ ಒಳ್ಳೇದುಂಟು. ಮಡಿಕೇರಿಯಿಂದ ಹನ್ನೆರಡಕ್ಕೆ ಹೊರಟ ಮೇಲೆ ಒಂದು ನಿಮಿಷ ಆಚೆ ಈಚೆ ಆಗ್ಲಿಲ್ಲ. ನೀನು ಓದಿದ್ದು ದಂಡ ಅಲ್ಲ."

ನಾನು ಉಬ್ಬಿಹೋದೆ. ಹೊಟ್ಟೆಯ ನೋವು, ಬಸ್ಸಿನ ಕಂಬಿ, ಊರವರ ನಗು, ಎಲ್ಲವೂ ಆ ಒಂದು ಮಾತಿನಲ್ಲಿ ಕರಗಿತು. ಅಪ್ಪ ನೋಟ್‌ಬುಕ್ಕನ್ನು ನನ್ನ ಮಡಿಲಿಗಿಟ್ಟು ಎದ್ದರು.

"ಬರುವ ವರ್ಷ ಚಿಕ್ಕಮಗಳೂರಿಗೆ ಇಂಥದ್ದೇ ಒಂದು ಬರೆದು ಕೊಡು. ನೀನು ಬರುದು ಬೇಡ."

ಬರೆದು ಕೊಟ್ಟೆ. ಎರಡು ಬಣ್ಣದ ಶಾಯಿಯಲ್ಲಿ. ಬಿ.ಎ. ಓದಿದ್ದು ಮ‌ತ್ತೆ ಯಾತಕ್ಕೆ!